ದೃಶ್ಯಕಡತಗಳಲ್ಲಿ ಕಾಲಪ್ರಮಾಣದ ವ್ಯತ್ಯಾಸ: ಒಂದು ವಿವೇಚನೆ

ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಾಲಯದ ಓಲೆಗರಿಗಳ ನಡುವೆ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರೆಂಬುದೂ, 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ದೊರೆಯಿತೆಂಬುದೂ ಸರ್ವವಿದಿತವಾದ ಸಂಗತಿ. ಆ ಗ್ರಂಥವು ತನ್ನ ಅಳತೆಯನ್ನು ಮೊದಲ ಅಧ್ಯಾಯದಲ್ಲಿಯೇ ಹೇಳಿಕೊಳ್ಳುತ್ತದೆ. ಅಧಿಕರಣಗಳು 15, ಅಧ್ಯಾಯಗಳು 150, ಪ್ರಕರಣಗಳು 180, ಶ್ಲೋಕಗಳು 6,000. ಬಹುಪಾಲು ಗದ್ಯದಲ್ಲಿರುವ ಕೃತಿಗೆ ಶ್ಲೋಕಗಳ ಲೆಕ್ಕವೆಲ್ಲಿಂದ ಬಂತೆಂದು ಯಾರಾದರೂ ಕೇಳಿಯಾರು. 32 ಅಕ್ಷರಗಳನ್ನು ಒಂದು ಶ್ಲೋಕ ಅಥವಾ ಒಂದು ಗ್ರಂಥವೆಂದು ಎಣಿಸುವುದು ನಮ್ಮ ಲಿಪಿಕಾರರ ಸಂಪ್ರದಾಯ. ಅವರಿಗೆ ಕೂಲಿಯನ್ನು ಈ ಲೆಕ್ಕದ ಮೇಲೆ ಕೊಡುವ ರೂಢಿಯೂ ಇತ್ತು. ದೊರೆತ ಪಾಠದಲ್ಲಿ ಅಧಿಕರಣ, ಅಧ್ಯಾಯಗಳ ಸಂಖ್ಯೆ ಸರಿಹೊಂದಿದರೂ ಒಟ್ಟು ಅಕ್ಷರಗಳ ಮೊತ್ತ 6,000 ಶ್ಲೋಕಗಳಿಗೆ ಸಾಲದು. ಹಾಗಾದರೆ ಗ್ರಂಥದ ಕೆಲವು ಭಾಗ ಕಳೆದುಹೋಯಿತೆ, ಅಥವಾ ಹೇಳಿಕೆಯೇ ಅಂದಾಜಿನದೆ? ಡಿ. ಡಿ. ಕೋಸಂಬಿಯವರು 1958ರಲ್ಲಿ ಮೊದಲನೆಯ ಪಕ್ಷವನ್ನು ಹಿಡಿದು ವಾದಿಸಿದರು. ಆ ಚರ್ಚೆಯ ನಿರ್ಣಯ ಇಲ್ಲಿ ಪ್ರಕೃತವಲ್ಲ. ಗ್ರಂಥವು ತನ್ನ ಉದ್ದದ ವಿಷಯದಲ್ಲಿ ಹೇಳುವ ಮಾತು ಬೇರೆ, ಎಣಿಸಿದಾಗ ದೊರೆಯುವ ಉದ್ದ ಬೇರೆ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ ಎಂಬುದಷ್ಟೇ ಪ್ರಕೃತ.

ಇದೇ ಸಮಸ್ಯೆ ಇಂದು ಓಲೆಗರಿಗಳನ್ನು ಬಿಟ್ಟು ಗಣಕಯಂತ್ರದೊಳಗೆ ಮತ್ತೆ ತಲೆಯೆತ್ತಿದೆ. ಮಾನಸಗಂಗೋತ್ರಿ, ಮುಕ್ತಗಂಗೋತ್ರಿಗಳ ಪಾಠಪ್ರವಚನಗಳಿಂದ ಮೊದಲ್ಗೊಂಡು ದಸರೆಯ ಮೆರವಣಿಗೆ, ಬಡಾವಣೆಯ ಗಮಕವಾಚನ, ಶಾಲೆಯ ವಾರ್ಷಿಕೋತ್ಸವಗಳವರೆಗೆ ಮೈಸೂರಿನಲ್ಲಿ ನಡೆಯುವ ಎಷ್ಟೋ ಕಾರ್ಯಕ್ರಮಗಳು ವಿಡಿಯೋ ಕಡತಗಳಾಗಿ ಉಳಿಯುತ್ತಿವೆ. ಹಿಂದೆ ವಿ.ಎಚ್.ಎಸ್. ಟೇಪುಗಳಲ್ಲಿದ್ದವು ಕೂಡ ಕಡತಗಳಾಗಿ ಪರಿವರ್ತನೆ ಹೊಂದುತ್ತಿವೆ. ಹೀಗೆ ಸಂಗ್ರಹಿಸಿದ ಒಂದು ಉಪನ್ಯಾಸವನ್ನು ತೆರೆದಾಗ ಗಣಕಯಂತ್ರದ ಪಟ್ಟಿಯು ಅದರ ಅವಧಿಯನ್ನು 4 ಗಂಟೆ ಎನ್ನುತ್ತದೆ; ಅದನ್ನು ನುಡಿಸುವ ತಂತ್ರಾಂಶವು 1 ಗಂಟೆ ಎನ್ನುತ್ತದೆ; ಸಂಕಲನದ ತಂತ್ರಾಂಶಕ್ಕೆ ಒಪ್ಪಿಸಿದರೆ ಅದು 58 ನಿಮಿಷ ಎನ್ನುತ್ತದೆ. ಕೆಲವೊಮ್ಮೆ ಅವಧಿಯ ಸ್ಥಾನದಲ್ಲಿ ಸೊನ್ನೆಯೇ ಕಾಣುತ್ತದೆ. ಸೊನ್ನೆಯನ್ನು ಕಂಡವರು ಕಡತ ಖಾಲಿಯಾಗಿದೆಯೆಂದು ತಿಳಿದು ಅಳಿಸಿಬಿಡುವುದುಂಟು. ಇದು ಸಣ್ಣ ಪ್ರಮಾದವಲ್ಲ. ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಕಾರ್ಖಾನೆ ಎಂದು ಹೆಸರಾಗಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಟೇಪಿನ ಕಾಂತಲೇಪವಾದರೋ ಬೂಷ್ಟು ಹಿಡಿದು ಸವೆಯುತ್ತದೆ. ಕಾಲವಾದ ವಿದ್ವಾಂಸರೊಬ್ಬರ ಕಂಠಧ್ವನಿ ಉಳಿದಿರುವುದು ಆ ಒಂದೇ ಕಡತದಲ್ಲಿ ಎಂದಾದರೆ, ಅದನ್ನು ಅಳಿಸಿದ ಮೇಲೆ ಮರಳಿ ಪಡೆಯುವ ದಾರಿಯೇ ಇಲ್ಲ.

ವ್ಯತ್ಯಾಸದ ಮೂಲವನ್ನು ತಿಳಿಯಬೇಕಾದರೆ ಕಡತದ ರಚನೆಯನ್ನು ಸ್ವಲ್ಪ ತಿಳಿಯಬೇಕು. ವಿಡಿಯೋ ಕಡತವೆಂಬುದು ಒಂದು ಪೆಟ್ಟಿಗೆ. ಎಂ.ಪಿ.4, ಎ.ವಿ.ಐ., ಎಂ.ಕೆ.ವಿ. ಮೊದಲಾದವು ಪೆಟ್ಟಿಗೆಯ ಜಾತಿಗಳೇ ಹೊರತು ಒಳಗಿನ ಚಿತ್ರದ ಜಾತಿಗಳಲ್ಲ. ಪೆಟ್ಟಿಗೆಯೊಳಗೆ ಚಿತ್ರದ ಧಾರೆಯೊಂದು, ಧ್ವನಿಯ ಧಾರೆಯೊಂದು. ಕೆಲವೊಮ್ಮೆ ಉಪಶೀರ್ಷಿಕೆಗಳ ಧಾರೆಯೂ ಇರುವುದು. ಪ್ರತಿಯೊಂದು ಧಾರೆಯೂ ಸಾವಿರಾರು ಪೊಟ್ಟಣಗಳಾಗಿ ಒಡೆದಿದ್ದು, ‘ಇದನ್ನು ಇಷ್ಟನೆಯ ಕ್ಷಣದಲ್ಲಿ ತೋರಿಸು’ ಎಂಬ ಕಾಲಮುದ್ರೆ ಆ ಪೊಟ್ಟಣಗಳಿಗೆ ಸಲ್ಲುತ್ತದೆ. ಇವಲ್ಲದೆ ಪೆಟ್ಟಿಗೆಗೆ ಒಂದು ವಿವರಪಟ್ಟಿಯುಂಟು. ತಂತ್ರಜ್ಞರು ಮೆಟಾಡೇಟಾ ಎಂದು ಕರೆಯುವುದು ಇದನ್ನೇ. ಎಂ.ಪಿ.4 ಪೆಟ್ಟಿಗೆಯಲ್ಲಂತೂ ಅವಧಿಯನ್ನು ಒಂದೆಡೆಯಲ್ಲ, ಹಲವು ಕಡೆ ಬರೆದಿರುತ್ತದೆ: ಇಡೀ ಚಿತ್ರಕ್ಕೆ ಒಮ್ಮೆ, ಪ್ರತಿಯೊಂದು ಧಾರೆಯ ಪ್ರದರ್ಶನಕ್ಕೆ ಒಮ್ಮೆ, ಪ್ರತಿಯೊಂದು ಧಾರೆಯ ಒಳಗಣ ದ್ರವ್ಯಕ್ಕೆ ಮತ್ತೊಮ್ಮೆ. ದೊಡ್ಡ ಗಡಿಯಾರ, ಚಿಕ್ಕ ಗಡಿಯಾರಗಳೆರಡನ್ನೂ ಉಳ್ಳ ಮೈಸೂರಿನವರಿಗೆ ಈ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದೊಂದು ತಂತ್ರಾಂಶವು ಒಂದೊಂದು ಗಡಿಯಾರವನ್ನು ನೋಡಿ ಉತ್ತರ ಹೇಳುತ್ತದೆ. ಉತ್ತರಗಳು ಬೇರೆಯಾಗುವುದರಲ್ಲಿ ಆಶ್ಚರ್ಯವೇನು?

ವಿವರಪಟ್ಟಿಯಲ್ಲಿ ಅವಧಿಯನ್ನು ಗಂಟೆ ನಿಮಿಷಗಳಲ್ಲಿ ಬರೆಯುವುದಿಲ್ಲವೆಂಬುದು ಗಮನಾರ್ಹ. ಛಂದಸ್ಸಿನಲ್ಲಿ ಮಾತ್ರೆಯಿರುವಂತೆ ಇಲ್ಲಿಯೂ ಒಂದು ಘಟಕವನ್ನು ಮೊದಲು ಗೊತ್ತುಮಾಡಿ, ಅಂತಹ ಘಟಕಗಳು ಎಷ್ಟೆಂಬುದನ್ನು ಅನಂತರ ಬರೆಯುತ್ತಾರೆ. ಸೆಕೆಂಡಿಗೆ 90,000 ಘಟಕಗಳೆಂದು ಗೊತ್ತುಮಾಡಿದರೆ 1 ಗಂಟೆಯ ಚಿತ್ರಕ್ಕೆ 32,40,00,000 ಎಂಬ ಸಂಖ್ಯೆ ಬರುತ್ತದೆ. ಇದೇ ಸಂಖ್ಯೆಯನ್ನು ಓದುವವನು, ಧ್ವನಿಧಾರೆಗೆ ಸಲ್ಲುವ 48,000 ಎಂಬ ಘಟಕದಿಂದ ಭಾಗಿಸಿದನೆಂದರೆ 1 ಗಂಟೆ 52 ನಿಮಿಷ 30 ಸೆಕೆಂಡು ಎಂಬ ಉತ್ತರ ದೊರೆಯುತ್ತದೆ. ಎಣಿಕೆ ತಪ್ಪಲಿಲ್ಲ, ಅಳತೆಗೋಲು ತಪ್ಪಿತು. ಗುರುವನ್ನು ಲಘುವೆಂದು ಎಣಿಸಿ ಪ್ರಸ್ತಾರ ಹಾಕಿದ ವಿದ್ಯಾರ್ಥಿಯ ತಪ್ಪೂ ಇದೇ ಜಾತಿಯದು.

ಇನ್ನು ದೋಷದ ಕಾರಣಗಳು. ಎಂ.ಪಿ.4 ಕಡತವನ್ನು ದಾಖಲಿಸುವ ಬಹುಪಾಲು ಕ್ಯಾಮರಾಗಳು ವಿವರಪಟ್ಟಿಯನ್ನು ಕಟ್ಟಕಡೆಗೆ ಬರೆಯುತ್ತವೆ. ಕಾರ್ಯಕ್ರಮ ಮುಗಿಯದೆ ಅದರ ಉದ್ದ ಗೊತ್ತಾಗುವುದಿಲ್ಲವಾದ್ದರಿಂದ ಇದು ಸಹಜವೇ. ಆದರೆ ನಡುವೆ ವಿದ್ಯುತ್ತು ನಿಂತಿತೆನ್ನಿ, ಅಥವಾ ಕ್ಯಾಮರಾದ ಬ್ಯಾಟರಿ ಮುಗಿಯಿತೆನ್ನಿ. ಚಿತ್ರವೂ ಧ್ವನಿಯೂ ಕಾರ್ಡಿನಲ್ಲಿ ಸೇರಿರುತ್ತವೆ, ಅವುಗಳನ್ನು ವಿಂಗಡಿಸಿ ಹೇಳುವ ವಿವರಪಟ್ಟಿ ಮಾತ್ರ ಹುಟ್ಟಿಯೇ ಇರುವುದಿಲ್ಲ. ಅಂತಹ ಕಡತ ತೆರೆಯುವುದಿಲ್ಲ. ಅದರ ಅವಧಿ ಸೊನ್ನೆ. ನೇರಪ್ರಸಾರಕ್ಕಾಗಿ ತುಣುಕು ತುಣುಕಾಗಿ ಬರೆಯುವ ಕಡತಗಳಲ್ಲಿಯೂ ಮೊದಲಿನ ಪಟ್ಟಿಯಲ್ಲಿ ಸೊನ್ನೆಯಿದ್ದು, ನಿಜವಾದ ಕಾಲವು ಒಂದೊಂದು ತುಣುಕಿನ ತಲೆಯಲ್ಲಿ ಹಂಚಿಹೋಗಿರುವುದುಂಟು. ಆದುದರಿಂದ ಸೊನ್ನೆಯೆಂಬುದಕ್ಕೆ ‘ಏನೂ ಇಲ್ಲ’ ಎಂಬ ಅರ್ಥವಲ್ಲ, ‘ಹೇಳುವವರಿಲ್ಲ’ ಎಂಬ ಅರ್ಥ. ಕಡತದ ಗಾತ್ರ ನೂರಾರು ಮೆಗಾಬೈಟುಗಳಷ್ಟಿದ್ದು ಅವಧಿ ಸೊನ್ನೆಯಿದ್ದರೆ ಅದನ್ನು ಅಳಿಸಕೂಡದು.

ಎರಡನೆಯ ಕಾರಣ ಇದಕ್ಕಿಂತ ಗೂಢವಾದುದು. ಹಳೆಯ ನೆನಪಿನ ಕಾರ್ಡುಗಳ ವ್ಯವಸ್ಥೆಯಲ್ಲಿ ಒಂದು ಕಡತವು 4 ಗಿಗಾಬೈಟುಗಳನ್ನು ಮೀರುವಂತಿಲ್ಲ. ಸೆಕೆಂಡಿಗೆ 24 ಮೆಗಾಬಿಟ್ಟುಗಳಂತೆ ದಾಖಲಿಸಿದರೆ ಸುಮಾರು 24 ನಿಮಿಷಗಳಿಗೆ ಆ ಮಿತಿ ತುಂಬುತ್ತದೆ. ಆಗ ಕ್ಯಾಮರಾ ತಾನಾಗಿಯೇ ಹೊಸ ಕಡತವನ್ನು ಆರಂಭಿಸುತ್ತದೆ. ಅರಮನೆಯಿಂದ ಬನ್ನಿಮಂಟಪದವರೆಗಿನ ಜಂಬೂಸವಾರಿಯನ್ನು ಒಂದೇ ಕ್ಯಾಮರಾದಲ್ಲಿ ಹಿಡಿದವರಿಗೆ ಹೀಗೆ ಹಲವು ತುಂಡುಗಳು ದೊರೆಯುತ್ತವೆ. ತುಂಡುಗಳನ್ನು ಒಂದುಗೂಡಿಸಬೇಕೆಂಬ ಆತುರದಲ್ಲಿ ಕೆಲವರು ಒಂದರ ಬಾಲಕ್ಕೆ ಮತ್ತೊಂದರ ತಲೆಯನ್ನು ಹಾಗೆಯೇ ಅಂಟಿಸುವರು. ಎಂ.ಪಿ.4 ಕಡತದಲ್ಲಿ ಹೀಗೆ ಮಾಡಿದರೆ ಮೊದಲನೆಯ ತುಂಡಿನ ವಿವರಪಟ್ಟಿಯೇ ಇಡೀ ಕಡತಕ್ಕೆ ಪ್ರಮಾಣವಾಗಿ ನಿಲ್ಲುತ್ತದೆ. ಗಾತ್ರ 12 ಗಿಗಾಬೈಟು, ಅವಧಿ 24 ನಿಮಿಷ! ಉಳಿದ 48 ನಿಮಿಷಗಳು ಒಳಗೆ ಇದ್ದೂ ಇಲ್ಲದಂತಿರುತ್ತವೆ. ಹಳೆಯ ಪ್ರತಿಯ ಅಂತ್ಯದಲ್ಲಿದ್ದ ಗ್ರಂಥಸಂಖ್ಯೆಯನ್ನು ಲಿಪಿಕಾರನು ಯಥಾವತ್ತಾಗಿ ನಕಲುಮಾಡಿ, ಗ್ರಂಥವನ್ನು ಮಾತ್ರ ಹೆಚ್ಚಿಸಿಯೋ ಕಡಮೆಮಾಡಿಯೋ ಬರೆದಂತೆ ಇದು.

ಮೂರನೆಯದು, ವಿವರಪಟ್ಟಿಯಲ್ಲಿ ಅವಧಿಯನ್ನು ಬರೆಯುವ ಪದ್ಧತಿಯೇ ಇಲ್ಲದ ಪೆಟ್ಟಿಗೆಗಳು. ದೂರದರ್ಶನದ ಪ್ರಸಾರಕ್ಕೂ ಡಿ.ವಿ.ಡಿ. ತಟ್ಟೆಗಳಿಗೂ ಬಳಸುವ ಎಂಪೆಗ್ ಕಡತಗಳು ಈ ಜಾತಿಯವು. ಪ್ರಸಾರವು ಯಾವಾಗ ಆರಂಭವಾಯಿತು, ಯಾವಾಗ ಮುಗಿಯುತ್ತದೆ ಎಂಬುದನ್ನು ಮುಂದಾಗಿ ಹೇಳುವಂತಿಲ್ಲವಷ್ಟೆ. ಇಲ್ಲಿ ತಂತ್ರಾಂಶವು ಅವಧಿಯನ್ನು ಊಹಿಸಬೇಕಾಗುತ್ತದೆ. ಊಹೆಯ ಒಂದು ಮಾರ್ಗವೆಂದರೆ ಕಡತದ ಗಾತ್ರವನ್ನು ಆರಂಭದ ಕೆಲವು ಸೆಕೆಂಡುಗಳ ದತ್ತದರದಿಂದ ಭಾಗಿಸುವುದು. ಉಪನ್ಯಾಸದ ಆರಂಭದಲ್ಲಿ ನಿಶ್ಚಲವಾದ ಶೀರ್ಷಿಕೆಫಲಕವಿದ್ದರೆ ಅದಕ್ಕೆ ಸೆಕೆಂಡಿಗೆ 1 ಮೆಗಾಬಿಟ್ ಸಾಕು. ಮುಂದೆ ಜನ ಓಡಾಡುವ ದೃಶ್ಯಗಳು ಸೇರಿ ಸರಾಸರಿ ದರ 4 ಮೆಗಾಬಿಟ್ ಆಗಬಹುದು. 1.8 ಗಿಗಾಬೈಟಿನ ಕಡತವನ್ನು ಸರಾಸರಿ ದರದಿಂದ ಭಾಗಿಸಿದರೆ 1 ಗಂಟೆ, ಆರಂಭದ ದರದಿಂದ ಭಾಗಿಸಿದರೆ 4 ಗಂಟೆ. ಮೇಲೆ ಹೇಳಿದ ಉಪನ್ಯಾಸ ನಾಲ್ಕು ಗಂಟೆಯಾಗಿ ಕಂಡುದರ ಗುಟ್ಟು ಇದೇ. ಅನ್ನದ ಒಂದು ಅಗುಳನ್ನು ಹಿಸುಕಿ ಬೆಂದಿದೆಯೆಂದು ಹೇಳುವ ನ್ಯಾಯ ಇಲ್ಲಿ ಸಲ್ಲುವುದಿಲ್ಲ.

ಊಹೆಯ ಮತ್ತೊಂದು ಮಾರ್ಗ ಮೊದಲ ಮತ್ತು ಕೊನೆಯ ಕಾಲಮುದ್ರೆಗಳ ಅಂತರವನ್ನು ತೆಗೆಯುವುದು. ಇದು ಉತ್ತಮವಾದರೂ ನಿರ್ದುಷ್ಟವಲ್ಲ. ಪ್ರಸಾರದ ಕಾಲಮುದ್ರೆ ಸೊನ್ನೆಯಿಂದ ಆರಂಭವಾಗಬೇಕೆಂದಿಲ್ಲ; ಮೇಲಾಗಿ ಅದಕ್ಕೆ ಮೀಸಲಾದ ಸ್ಥಾನ 33 ಬಿಟ್ಟುಗಳು ಮಾತ್ರ. ಸೆಕೆಂಡಿಗೆ 90,000ದಂತೆ ಎಣಿಸುತ್ತ ಹೋದರೆ ಸುಮಾರು 26 ಗಂಟೆ 30 ನಿಮಿಷಗಳಿಗೆ ಸ್ಥಾನ ತುಂಬಿ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ದಸರೆಯ ನೇರಪ್ರಸಾರವನ್ನು ದಾಖಲಿಸುತ್ತಿರುವಾಗ ಈ ಆವೃತ್ತಿ ನಡುವೆ ಬಿದ್ದರೆ, ಕೊನೆಯ ಮುದ್ರೆಯು ಮೊದಲಿನದಕ್ಕಿಂತ ಚಿಕ್ಕದಾಗಿ, ಎಚ್ಚರವಿಲ್ಲದ ತಂತ್ರಾಂಶವು ಹಾಸ್ಯಾಸ್ಪದವಾದ ಉತ್ತರ ಕೊಡುತ್ತದೆ.

ಕೈಫೋನುಗಳ ವಿಷಯ ಬೇರೆ. ಕ್ಯಾಮರಾಗಳು ಸೆಕೆಂಡಿಗೆ ಇಷ್ಟೇ ಚಿತ್ರಗಳೆಂದು ಗೊತ್ತುಮಾಡಿಕೊಂಡು ಅದರಂತೆ ನಡೆದರೆ, ಫೋನುಗಳು ಬೆಳಕು ಕಡಮೆಯಾದಾಗ ಚಿತ್ರಗಳ ಸಂಖ್ಯೆಯನ್ನು ಇಳಿಸಿಬಿಡುತ್ತವೆ. ಮಂದಪ್ರಕಾಶದ ಸಭಾಂಗಣದಲ್ಲಿ ಹೆಸರಿಗೆ 30, ವಸ್ತುತಃ ಸರಾಸರಿ 24 ಎಂಬಂತೆ ತೆಗೆದ 50 ನಿಮಿಷಗಳ ಗಮಕವಾಚನದಲ್ಲಿ 72,000 ಚಿತ್ರಗಳಿರುತ್ತವೆ. ಕಾಲಮುದ್ರೆಗಳನ್ನು ಅಲಕ್ಷಿಸಿ 30ರಿಂದ ಭಾಗಿಸುವ ಸಂಕಲನ ತಂತ್ರಾಂಶವು ಚಿತ್ರವನ್ನು 40 ನಿಮಿಷಕ್ಕೆ ಮುಗಿಸುತ್ತದೆ. ಧ್ವನಿ ಮಾತ್ರ 50 ನಿಮಿಷಗಳವರೆಗೆ ಸಾಗುತ್ತದೆ; ವಾಚಕರ ತುಟಿಯೊಂದು ಕಡೆ, ಮಾತೊಂದು ಕಡೆ. ಇಲ್ಲಿ ನಂಬಬೇಕಾದುದು ಚಿತ್ರಗಳ ಎಣಿಕೆಯನ್ನಲ್ಲ, ಕಾಲಮುದ್ರೆಯನ್ನು.

ದೋಷವೇ ಇಲ್ಲದೆ ಅವಧಿ ಬೇರೆಯಾಗುವ ಸಂದರ್ಭವೊಂದುಂಟು. ಅದನ್ನು ತಿಳಿಯದೆ ಇಲ್ಲದ ದೋಷವನ್ನು ಹುಡುಕುವವರಿದ್ದಾರೆ. ಚಲನಚಿತ್ರವು ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಭಾರತದ ದೂರದರ್ಶನ ವ್ಯವಸ್ಥೆ 25ರದು. 24ರ ಚಿತ್ರವನ್ನು 25ರ ವೇಗದಲ್ಲಿ ಓಡಿಸುವುದು ಬಹುಕಾಲದ ರೂಢಿಯಾದ್ದರಿಂದ 150 ನಿಮಿಷಗಳ ಚಿತ್ರ ದೂರದರ್ಶನದಲ್ಲಿ ಅಥವಾ ಡಿ.ವಿ.ಡಿ.ಯಲ್ಲಿ 144 ನಿಮಿಷಗಳಿಗೆ ಮುಗಿಯುತ್ತದೆ. ಒಂದು ದೃಶ್ಯವೂ ಕತ್ತರಿಸಿಹೋಗಿರುವುದಿಲ್ಲ. ಸಂಗೀತಾಭ್ಯಾಸವುಳ್ಳವರು ಇದನ್ನು ಗಡಿಯಾರವಿಲ್ಲದೆಯೇ ಗುರುತಿಸಬಲ್ಲರು. ಧ್ವನಿಯನ್ನು ಬೇರೆಯಾಗಿ ಸರಿಪಡಿಸದಿದ್ದಲ್ಲಿ ಶ್ರುತಿಯು ಅರ್ಧಸ್ವರಕ್ಕೆ ತುಸು ಕಡಮೆಯಷ್ಟು ಏರಿರುತ್ತದೆ. ಹಳೆಯ ಚಿತ್ರಗಳ ನಿಜವಾದ ಉದ್ದವನ್ನು ತಿಳಿಯಲು ಆರಂಭದಲ್ಲಿ ತೋರಿಸುವ ಸೆನ್ಸಾರ್ ಪ್ರಮಾಣಪತ್ರವೇ ಸಾಕ್ಷಿ. ಅದರಲ್ಲಿ ಉದ್ದವನ್ನು ಮೀಟರುಗಳಲ್ಲಿ ಬರೆದಿರುತ್ತದೆ. 35 ಮಿಲಿಮೀಟರಿನ ಫಿಲ್ಮು ನಿಮಿಷಕ್ಕೆ 90 ಅಡಿ, ಎಂದರೆ 27.43 ಮೀಟರು ಓಡುವುದರಿಂದ 150 ನಿಮಿಷಗಳಿಗೆ ಸುಮಾರು 4,115 ಮೀಟರು. ಪ್ರೀಮಿಯರ್ ಸ್ಟುಡಿಯೋ ಇದ್ದ ಊರಿನ ಹಿರಿಯ ಪ್ರೇಕ್ಷಕರಿಗೆ ಆ ಪತ್ರದ ಪರಿಚಯ ಚೆನ್ನಾಗಿಯೇ ಇದೆ. ಅದರ ಅಂಕೆಗಳನ್ನು ಓದಿದವರು ವಿರಳವಿರಬಹುದು. ಸೆಕೆಂಡಿನ ಅಲ್ಪಾಂಶದ ವ್ಯತ್ಯಾಸಗಳೂ ದೋಷಗಳಲ್ಲ. 25ರ ವೇಗದಲ್ಲಿ ಒಂದು ಚಿತ್ರಕ್ಕೆ 40 ಮಿಲಿಸೆಕೆಂಡು, ಎ.ಎ.ಸಿ. ಎಂಬ ಧ್ವನಿಕ್ರಮದಲ್ಲಿ 1,024 ಮಾದರಿಗಳ ಒಂದು ಗುಂಪಿಗೆ ಸುಮಾರು 21.3 ಮಿಲಿಸೆಕೆಂಡು. ಇವೆರಡೂ ಒಂದೇ ಕ್ಷಣದಲ್ಲಿ ಮುಗಿಯಬೇಕೆಂದು ಬಯಸುವುದು ಹಟವಾದೀತು.

ಪರೀಕ್ಷೆಯ ಕ್ರಮ ಹೇಗೆ? ಯಾವುದೇ ಕೆಲಸಕ್ಕೆ ಕೈಹಾಕುವ ಮೊದಲು ಕಡತದ ಒಂದು ಪ್ರತಿಯನ್ನು ಬೇರೆಡೆ ಇಟ್ಟು, ಪ್ರತಿಯ ಮೇಲೆಯೇ ಪ್ರಯೋಗ ಮಾಡಬೇಕು. ಅನಂತರ ಮೀಡಿಯಾಇನ್ಫೋ ಅಥವಾ ಎಫ್‌ಎಫ್‌ಪ್ರೋಬ್ ಎಂಬ ಉಚಿತ ತಂತ್ರಾಂಶಗಳಿಂದ ಪೆಟ್ಟಿಗೆಯ ಅವಧಿಯನ್ನೂ, ಪ್ರತಿಯೊಂದು ಧಾರೆಯ ಅವಧಿಯನ್ನೂ ಬೇರೆ ಬೇರೆಯಾಗಿ ಓದಿ ಬರೆದುಕೊಳ್ಳುವುದು. ಮುಂದಿನ ಹೆಜ್ಜೆ ಗಾತ್ರದ ಲೆಕ್ಕ. ಇಲ್ಲಿ ಒಂದು ಬಲೆ ಇದೆ. ತಂತ್ರಾಂಶವು ತೋರಿಸುವ ಒಟ್ಟು ದತ್ತದರವನ್ನು ಹಿಡಿದು ಗಾತ್ರವನ್ನು ಭಾಗಿಸಿದರೆ ಅವಧಿ ಸರಿಯಾಗಿಯೇ ಬರುತ್ತದೆ, ದೋಷ ಕಾಣುವುದೇ ಇಲ್ಲ. ಏಕೆಂದರೆ ಅನೇಕ ವೇಳೆ ಆ ದರವನ್ನು ಪಡೆದಿರುವುದೇ ಗಾತ್ರವನ್ನು ಪಟ್ಟಿಯ ಅವಧಿಯಿಂದ ಭಾಗಿಸಿ! ತರ್ಕಶಾಸ್ತ್ರದಲ್ಲಿ ಇದನ್ನೇ ಅನ್ಯೋನ್ಯಾಶ್ರಯ ದೋಷವೆನ್ನುವುದು. ಆದಕಾರಣ ಅದೇ ಕ್ಯಾಮರಾದಿಂದ, ಅದೇ ಕ್ರಮದಲ್ಲಿ ತೆಗೆದ, ದೋಷವಿಲ್ಲದ ಇನ್ನೊಂದು ಕಡತದ ದರವನ್ನು ಪ್ರಮಾಣವಾಗಿಟ್ಟುಕೊಳ್ಳಬೇಕು. ಅದರಲ್ಲಿ 24 ನಿಮಿಷಕ್ಕೆ 4 ಗಿಗಾಬೈಟು ಇದ್ದು, ಇದರಲ್ಲಿ 24 ನಿಮಿಷಕ್ಕೆ 12 ಇದ್ದರೆ, ಒಳಗೆ ಬೇರೇನೋ ಅಡಗಿದೆಯೆಂಬುದು ಖಚಿತ.

ಕೊನೆಯದಾಗಿ, ಕಡತವನ್ನು ಆದಿಯಿಂದ ಅಂತ್ಯದವರೆಗೆ ಓದಿಸುವುದು. 2000ದಲ್ಲಿ ಫಾಬ್ರಿಸ್ ಬೆಲಾರ್ ಎಂಬ ಫ್ರೆಂಚ್ ತಂತ್ರಜ್ಞನು ಆರಂಭಿಸಿದ ಎಫ್‌ಎಫ್‌ಎಂಪೆಗ್ ತಂತ್ರಾಂಶಕ್ಕೆ, ಪ್ರತಿಯೊಂದು ಚಿತ್ರವನ್ನೂ ಬಿಡಿಸಿ ನೋಡು, ಆದರೆ ಎಲ್ಲಿಯೂ ಬರೆಯಬೇಡ ಎಂದು ಆಜ್ಞಾಪಿಸಬಹುದು. ಅದು ಮುಗಿದಾಗ ತೋರಿಸುವ ಕಾಲವೇ ಒಟ್ಟಿನಲ್ಲಿ ನಂಬಲರ್ಹವಾದ ಕಾಲ. ಇದಕ್ಕೆ ತಾಳ್ಮೆ ಬೇಕು, ಗಂಟೆಗಟ್ಟಲೆಯ ಕಡತಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ತಂತ್ರಾಂಶದ ಗೋಜು ಬೇಡವೆನ್ನುವವರು ಕೊನೆಯ ನಿಮಿಷಗಳನ್ನಾದರೂ ಕಣ್ಣಾರೆ ನೋಡತಕ್ಕದ್ದು. ನಮ್ಮ ಸಭೆಗಳೆಲ್ಲ ವಂದನಾರ್ಪಣೆಯಿಂದಲೂ ರಾಷ್ಟ್ರಗೀತೆಯಿಂದಲೂ ಮುಕ್ತಾಯವಾಗುವುದರಿಂದ, ಕಡತದ ಅಂತ್ಯದಲ್ಲಿ ರಾಷ್ಟ್ರಗೀತೆ ಪೂರ್ಣವಾಗಿ ಕೇಳಿಬಂದರೆ ಬಾಲ ಕತ್ತರಿಸಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಪರಿಹಾರವು ಪರೀಕ್ಷೆಗಿಂತ ಸುಲಭ. ಒಳಗಿನ ಚಿತ್ರ ಧ್ವನಿಗಳನ್ನು ಮುಟ್ಟದೆ ಹೊಸ ಪೆಟ್ಟಿಗೆಯೊಂದಕ್ಕೆ ಹಾಗೆಯೇ ವರ್ಗಾಯಿಸಿದರೆ ವಿವರಪಟ್ಟಿಯನ್ನು ಹೊಸದಾಗಿ ಬರೆಯಲಾಗುತ್ತದೆ. ಎಫ್‌ಎಫ್‌ಎಂಪೆಗ್ಗಿನಲ್ಲಿ ಇದಕ್ಕೆ ನಕಲು ಎಂಬರ್ಥದ ‘ಕಾಪಿ’ ಆಜ್ಞೆಯುಂಟು. ಗುಣಮಟ್ಟ ಎಳ್ಳಷ್ಟೂ ಕೆಡದು, ಕಾಲವೂ ಅಲ್ಪವೇ ಸಾಕು. ಎಂಪೆಗ್ ಕಡತಗಳ ಊಹೆಯ ದೋಷಕ್ಕೆ ಇದು ಸಾಮಾನ್ಯವಾಗಿ ಸಾಕಾಗುವ ಮದ್ದು. ಆದರೆ ಅಂಟಿಸಿದ ಕಡತಗಳಿಗೆ ಇದೇ ಮದ್ದು ವಿಷವಾದೀತು. ತಂತ್ರಾಂಶಕ್ಕೆ ಮೊದಲನೆಯ ತುಂಡು ಮಾತ್ರ ಕಾಣುವುದರಿಂದ ಅದನ್ನಷ್ಟೇ ವರ್ಗಾಯಿಸಿ ಉಳಿದುದನ್ನು ಬಿಟ್ಟುಬಿಡುತ್ತದೆ. ಅಡಗಿದ್ದ 48 ನಿಮಿಷಗಳು ನಿಜವಾಗಿಯೇ ಇಲ್ಲವಾಗುತ್ತವೆ. ಗಾತ್ರದ ಲೆಕ್ಕವನ್ನು ಮೊದಲು ಹೇಳಿದ ಕಾರಣ ಇದೇ. ಅಂತಹ ಕಡತವನ್ನು ಅಂಟಿಸಿದ ಸ್ಥಾನಗಳಲ್ಲಿ ಮತ್ತೆ ಒಡೆದು, ತುಂಡುಗಳನ್ನು ಕ್ರಮಬದ್ಧವಾಗಿ ಜೋಡಿಸಬೇಕು. ಮೂಲದ ತುಂಡುಗಳು ಕಾರ್ಡಿನಲ್ಲಿ ಇನ್ನೂ ಉಳಿದಿದ್ದರೆ ಕೆಲಸ ಅರ್ಧ ಮುಗಿದಂತೆಯೇ. ವಿವರಪಟ್ಟಿಯೇ ಹುಟ್ಟದ ಕಡತಕ್ಕೆ ಅದೇ ಕ್ಯಾಮರಾದ ಒಳ್ಳೆಯ ಕಡತವೊಂದನ್ನು ಮಾದರಿಯಾಗಿ ತೋರಿಸಿ ಹೊಸ ಪಟ್ಟಿಯನ್ನು ಕಟ್ಟುವ ತಂತ್ರಾಂಶಗಳಿವೆ. ಅವು ಎಲ್ಲ ವೇಳೆಯೂ ಫಲಿಸುವುದಿಲ್ಲವಾದರೂ ಪ್ರಯತ್ನಿಸದೆ ಬಿಡಬಾರದು. ಫೋನಿನ ಕಡತವನ್ನು ಸಂಕಲನಕ್ಕೆ ಒಯ್ಯುವ ಮೊದಲು ಸಮವೇಗಕ್ಕೆ ಪರಿವರ್ತಿಸಿಕೊಳ್ಳುವುದು ಒಳಿತು. ಇಲ್ಲಿ ಮಾತ್ರ ಚಿತ್ರವನ್ನು ಮರುರಚಿಸಬೇಕಾಗುವುದರಿಂದ ಮೂಲವನ್ನು ಕಾದಿಡಬೇಕು.

ಶಾಲೆಯ ಅಥವಾ ಸಂಘದ ಸಂಗ್ರಹದಲ್ಲಿ ಒಂದು ದಾಖಲೆ ಪುಸ್ತಕವಿದ್ದರೆ ಅದರಲ್ಲಿ ಅವಧಿಗೆ ಎರಡು ಅಂಕಣಗಳಿರಲಿ. ಒಂದರಲ್ಲಿ ಕಡತದ ಪಟ್ಟಿ ಹೇಳುವ ಅವಧಿ, ಇನ್ನೊಂದರಲ್ಲಿ ಓದಿಸಿ ಅಳೆದ ಅವಧಿ. ಪಕ್ಕದಲ್ಲಿ ಅಳೆದ ದಿನಾಂಕ, ಅಳೆದವರ ಸಹಿ, ಕಡತದ ಗಾತ್ರ. ಪಟ್ಟಿಯನ್ನು ತಿದ್ದಿ ಬರೆದ ಮೇಲೆಯೂ ಮೊದಲಿನ ಅಂಕೆಯನ್ನು ಹೊಡೆದುಹಾಕುವುದು ಬೇಡ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸುವ ಸಂಪಾದಕರಂತೆ, ಅದರ ಕೆಳಗೆ ಹೊಸದನ್ನು ಬರೆದರೆ ಸಾಕು.